ಟೈಮಿಂಗ್ ಬೆಲ್ಟ್ ಬದಲಿಸುವುದು ಯಾವಾಗ: ಮೀಟರ್ ನೋಡಬೇಕೋ, ವರ್ಷ ಎಣಿಸಬೇಕೋ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ. 2015ರ ಮಾದರಿಯ ಡಸ್ಟರ್ ಡೀಸೆಲ್ ಕಾರನ್ನು 2021ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಮೀಟರಿನಲ್ಲಿ ಈಗ 71,000 ಕಿ.ಮೀ. ಇದೆ. ತಿಂಗಳಿಗೆ ಮೂರ್ನಾಲ್ಕು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುತ್ತೇವೆ. ಉಳಿದ ದಿನ ಗಾಡಿ ಮನೆಯಲ್ಲೇ, ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ನಿಂತಿರುತ್ತದೆ. ಒಬ್ಬ ಮೆಕ್ಯಾನಿಕ್ ಟೈಮಿಂಗ್ ಬೆಲ್ಟನ್ನು ಕೂಡಲೇ ಬದಲಿಸಬೇಕು, ವಾಟರ್ ಪಂಪ್ ಸೇರಿ ಹದಿನೆಂಟು ಸಾವಿರ ಆಗುತ್ತದೆ ಎಂದರು. ಇನ್ನೊಬ್ಬರು ಮೇಲಿನ ಕವರ್ ಬಿಚ್ಚಿ ನೋಡಿ, ಬೆಲ್ಟ್ ಹೊಸದರಂತೆಯೇ ಇದೆ, ಒಂದು ಲಕ್ಷದವರೆಗೆ ಚಿಂತೆಯಿಲ್ಲ ಎಂದರು. ಸರ್ವಿಸ್ ಪುಸ್ತಕ ನನ್ನ ಬಳಿ ಇಲ್ಲ. ಹಿಂದಿನ ಮಾಲೀಕರು ಬೆಲ್ಟ್ ಬದಲಿಸಿದ್ದೇನೆ ಎಂದು 2019ರ ಒಂದು ಬಿಲ್ ಕೊಟ್ಟಿದ್ದಾರೆ. ಅದರ ಚಿತ್ರವನ್ನೂ ಕಳಿಸಿದ್ದೇನೆ. ಯಾರ ಮಾತನ್ನು ನಂಬಬೇಕು? ಬೆಲ್ಟ್ ಮಾತ್ರ ಹಾಕಿಸಿದರೆ ಸಾಲದೇ? ಸೊಸೈಟಿಗೆ ಅಡಿಕೆ ಹಾಕಿ ದುಡ್ಡು ಕೈಗೆ ಬರುವವರೆಗೆ ಕಾಯಬಹುದೇ?

ಉತ್ತರ: ನಿಮ್ಮ ಕಾರಿನ ಟೈಮಿಂಗ್ ಬೆಲ್ಟನ್ನು ಬದಲಿಸಬೇಕು, ಅದೂ ಮುಂದಿನ ಸಲ ಘಟ್ಟ ಇಳಿಯುವುದಕ್ಕೆ ಮೊದಲೇ ಬದಲಿಸಬೇಕು. ಕುಮಟಾದಲ್ಲಿ ಇಪ್ಪತ್ತಾರು ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿರುವ ನಾನು ಇಷ್ಟು ನೇರವಾಗಿ ಹೇಳುತ್ತಿರುವುದಕ್ಕೆ ಕಾರಣಗಳಿವೆ. ಅವುಗಳನ್ನು ನೀವು ಕಳಿಸಿದ ಬಿಲ್ಲಿನಿಂದಲೇ ಆರಂಭಿಸುತ್ತೇನೆ.

ಆ ಬಿಲ್ಲಿನಲ್ಲಿ ‘ಬೆಲ್ಟ್ – 1, ರೂ. 780’ ಎಂದಷ್ಟೇ ಬರೆದಿದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಇಲ್ಲ, ಎಂಜಿನ್ ತಣಿಸುವ ಕೂಲೆಂಟ್ ಇಲ್ಲ, ಕೂಲಿ ಇನ್ನೂರೈವತ್ತು ರೂಪಾಯಿ. ಟೈಮಿಂಗ್ ಬೆಲ್ಟ್ ಬದಲಿಸುವುದೆಂದರೆ ಬಲಗಡೆಯ ಚಕ್ರ ಕಳಚಿ, ಎಂಜಿನ್ನಿನ ಕೆಳಗೆ ಜಾಕ್ ಕೊಟ್ಟು, ಆ ಬದಿಯಲ್ಲಿ ಎಂಜಿನ್ನನ್ನು ಹಿಡಿದಿರುವ ಮೌಂಟಿಂಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯನ್ನು ತೆಗೆದು ಮಾಡುವ, ಅರ್ಧ ದಿನಕ್ಕಿಂತ ಕಡಿಮೆಯಾಗದ ಕೆಲಸ. ಅದನ್ನು ಇನ್ನೂರೈವತ್ತು ರೂಪಾಯಿ ಕೂಲಿಗೆ ಯಾರೂ ಮಾಡಿಕೊಡುವುದಿಲ್ಲ. 2019ರಲ್ಲಿ ಬದಲಾಗಿರುವುದು ಹೊರಗಿನ ಬೆಲ್ಟ್, ಅಂದರೆ ಆಲ್ಟರ್ನೇಟರ್ ಮತ್ತು ಎಸಿ ಕಂಪ್ರೆಸರ್ ತಿರುಗಿಸುವ, ನಮ್ಮ ಕಡೆ ಈಗಲೂ ಫ್ಯಾನ್ ಬೆಲ್ಟ್ ಎಂದೇ ಕರೆಯುವ ಬೆಲ್ಟ್. ಹಿಂದಿನ ಮಾಲೀಕರು ಸುಳ್ಳು ಹೇಳಿದ್ದಾರೆಂದು ನಾನು ಭಾವಿಸುವುದಿಲ್ಲ. ‘ಬೆಲ್ಟ್ ಹಾಕಿದ್ದೇವೆ’ ಎಂದು ಗ್ಯಾರೇಜಿನವರು ಹೇಳಿದ್ದನ್ನು ಅವರು ಹಾಗೆಯೇ ನಿಮಗೆ ದಾಟಿಸಿದ್ದಾರೆ. ಈ ಎರಡು ಬೆಲ್ಟುಗಳ ನಡುವಿನ ಗೊಂದಲದಿಂದ ಎಂಜಿನ್ ಕಳೆದುಕೊಂಡವರನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿರುವುದರಿಂದ, ಹಳೆಯ ಗಾಡಿ ಕೊಳ್ಳುವ ಎಲ್ಲರಿಗೂ ಇದನ್ನು ಒತ್ತಿ ಹೇಳುತ್ತೇನೆ: ಟೈಮಿಂಗ್ ಬೆಲ್ಟ್ ಎಂದು ಸ್ಪಷ್ಟವಾಗಿ ಬರೆದು, ದಿನಾಂಕವನ್ನೂ ಮೀಟರ್ ರೀಡಿಂಗನ್ನೂ ನಮೂದಿಸಿದ ಬಿಲ್ ಕೈಯಲ್ಲಿ ಇಲ್ಲವಾದರೆ, ಆ ಬೆಲ್ಟ್ ಕಾರ್ಖಾನೆಯಿಂದ ಬಂದದ್ದೇ ಎಂದು ತಿಳಿಯಬೇಕು. ಹಾಗಾಗಿ ನಿಮ್ಮ ಬೆಲ್ಟಿನ ವಯಸ್ಸನ್ನು 2015ರಿಂದ ಎಣಿಸಬೇಕು, ನೀವು ಕೊಂಡ 2021ರಿಂದ ಅಲ್ಲ.

ಈ ಬೆಲ್ಟ್ ಮಾಡುವ ಕೆಲಸವನ್ನು ತಿಳಿದರೆ ಉಳಿದದ್ದು ತಾನಾಗಿ ಸ್ಪಷ್ಟವಾಗುತ್ತದೆ. ಎಂಜಿನ್ನಿನ ಕೆಳಗಡೆ ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ಶಾಫ್ಟ್ ಇರುತ್ತದೆ. ಮೇಲುಗಡೆ, ಗಾಳಿ ಒಳಗೆ ಬರಲೂ ಹೊಗೆ ಹೊರಗೆ ಹೋಗಲೂ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಇರುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು, ಒಂದು ಹಲ್ಲಿನಷ್ಟೂ ಹಿಂದೆಮುಂದೆ ಆಗಬಾರದು. ಈ ತಾಳವನ್ನು ಕಾಯುವುದು ಒಳಮೈಯಲ್ಲಿ ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಎಂಬ ಪುಟ್ಟ ಕಾರಿನೊಂದಿಗೆ ಮಾರುಕಟ್ಟೆಗೆ ಬಂದ ಈ ವ್ಯವಸ್ಥೆ ಚೈನಿಗಿಂತ ಹಗುರವಾದದ್ದು, ಸದ್ದಿಲ್ಲದ್ದು, ಎಣ್ಣೆ ಬೇಡದ್ದು ಎಂಬ ಕಾರಣಕ್ಕೆ ಜಗತ್ತಿನಾದ್ಯಂತ ಹರಡಿತು. ಆದರೆ ಚೈನಿಗಿಲ್ಲದ ಒಂದು ಮಿತಿ ಇದಕ್ಕೆ ಹುಟ್ಟಿನಿಂದಲೇ ಇದೆ: ಇದಕ್ಕೆ ವಯಸ್ಸಾಗುತ್ತದೆ, ಮತ್ತು ವಯಸ್ಸಾದದ್ದು ಹೊರಗೆ ಕಾಣುವುದಿಲ್ಲ.

ನಿಮ್ಮ ಗಾಡಿಯ 1.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಈ ಒಂದೇ ಬೆಲ್ಟ್ ಕ್ಯಾಮ್ ಶಾಫ್ಟನ್ನೂ ಡೀಸೆಲ್ಲಿನ ಹೈ ಪ್ರೆಷರ್ ಪಂಪನ್ನೂ ಕೂಲೆಂಟ್ ಹರಿಸುವ ವಾಟರ್ ಪಂಪನ್ನೂ ತಿರುಗಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಹದಿನೈದು ಪಟ್ಟಿಗಿಂತ ಹೆಚ್ಚು ಅದುಮುವುದರಿಂದ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಉಳಿಯುವುದು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸಂದು. ಆ ಹೊತ್ತಿಗೆ ವಾಲ್ವ್ ತೆರೆದುಕೊಂಡು ಕೆಳಗೆ ಚಾಚಿದ್ದರೆ ಪಿಸ್ಟನ್ ಅದಕ್ಕೆ ಬಡಿಯುವುದು ಖಚಿತ. ಬೆಲ್ಟ್ ತುಂಡಾದ ಕ್ಷಣದಲ್ಲಿ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವುಗಳು ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ, ಗಾಡಿಯ ವೇಗಕ್ಕೆ ಕ್ರ್ಯಾಂಕ್ ಮಾತ್ರ ಇನ್ನೂ ತಿರುಗುತ್ತಿರುತ್ತದೆ. ಮುಂದೆ ಆಗುವುದು ವಾಲ್ವ್ ಬಾಗುವುದು, ವಾಲ್ವ್ ಗೈಡ್ ಸೀಳುವುದು, ಕೆಲವೊಮ್ಮೆ ಕ್ಯಾಮ್ ಶಾಫ್ಟೇ ತುಂಡಾಗುವುದು. ಆಗ ಹೆಡ್ ಇಳಿಸಲೇಬೇಕಾಗುತ್ತದೆ, ಮತ್ತು ಖರ್ಚು ನಿಮಗೆ ಈಗ ಹೇಳಿರುವ ಹದಿನೆಂಟು ಸಾವಿರದ ಹಲವು ಪಟ್ಟು ಆಗುತ್ತದೆ.

ಇನ್ನು, ‘ಬೆಲ್ಟ್ ಹೊಸದರಂತೆಯೇ ಇದೆ’ ಎಂಬ ಎರಡನೆಯ ಮೆಕ್ಯಾನಿಕ್ಕರ ಮಾತಿಗೆ ಬರುತ್ತೇನೆ. ಅವರು ಕಂಡದ್ದನ್ನೇ ಹೇಳಿದ್ದಾರೆ. ಆದರೆ ಕಾಣುವುದಕ್ಕೂ ಇರುವುದಕ್ಕೂ ಇಲ್ಲಿ ಸಂಬಂಧ ಕಡಿಮೆ. ಹಳೆಯ ಕಾಲದ ಬೆಲ್ಟುಗಳ ರಬ್ಬರ್ ಬೇರೆ ಜಾತಿಯದು. ಅದು ಒಣಗಿದರೆ ಬೆನ್ನಿನ ಮೇಲೆ, ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತಿತ್ತು, ನೋಡಿದ ಕೂಡಲೇ ತಿಳಿಯುತ್ತಿತ್ತು. ಈಗಿನ ಬೆಲ್ಟುಗಳಿಗೆ ಬಳಸುವ ಎಚ್‌ಎನ್‌ಬಿಆರ್ ಎಂಬ ರಬ್ಬರ್ ಕಾವನ್ನೂ ಓಝೋನನ್ನೂ ಚೆನ್ನಾಗಿ ತಡೆಯುವುದರಿಂದ ಬೇಗ ಬಿರುಕು ಬಿಡುವುದಿಲ್ಲ. ಬೆಲ್ಟಿನ ನಿಜವಾದ ಬಲ ಇರುವುದು ಅದರ ಹೊಟ್ಟೆಯೊಳಗೆ ಉದ್ದಕ್ಕೆ ಹಾಸಿರುವ ಗಾಜಿನ ನಾರಿನ ಎಳೆಗಳಲ್ಲಿ. ಕೋಟಿಗಟ್ಟಲೆ ಸಲ ಗಾಲಿಗಳ ಮೇಲೆ ಬಾಗಿ ಬಾಗಿ ಆ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ತೇವ ಒಳಸೇರಿದರೆ ಇನ್ನೂ ಬೇಗ ಕಡಿಯುತ್ತವೆ. ಮೇಲಿನ ರಬ್ಬರ್ ಮಾತ್ರ ಕಪ್ಪಗೆ, ಅಕ್ಷರ ಅಳಿಯದೆ ಹಾಗೆಯೇ ಇರುತ್ತದೆ.

ಎಂಟು ವರ್ಷಗಳ ಕೆಳಗೆ, ಜುಲೈ ತಿಂಗಳ ಒಂದು ಸಂಜೆ, ಹೊನ್ನಾವರ ಕಡೆಯ ಕುಟುಂಬವೊಂದರ ಡೀಸೆಲ್ ಕಾರು ದೇವಿಮನೆ ಘಟ್ಟದ ನಡುವಿನಿಂದ ಟೋಯಿಂಗ್ ಗಾಡಿಯ ಮೇಲೆ ನಮ್ಮ ಗ್ಯಾರೇಜಿಗೆ ಬಂತು. ಒಂಬತ್ತು ವರ್ಷದ ಗಾಡಿ, ಓಡಿದ್ದು 54,000 ಕಿ.ಮೀ. ಮೂರು ತಿಂಗಳ ಹಿಂದಷ್ಟೇ ಬೇರೊಂದು ಗ್ಯಾರೇಜಿನಲ್ಲಿ ಕವರ್ ತೆಗೆದು ನೋಡಿ ಬೆಲ್ಟ್ ಸರಿಯಿದೆ ಎಂದು ಹೇಳಿದ್ದರಂತೆ. ನಾನು ಮೇಲಿನ ಕವರಿನ ಕ್ಲಿಪ್ ಬಿಚ್ಚಿ ಟಾರ್ಚ್ ಹಿಡಿದಾಗ ಕಂಡ ಬೆಲ್ಟ್ ನಿಜಕ್ಕೂ ಹೊಸದರಂತಿತ್ತು. ಬಿಳಿಯ ಅಕ್ಷರಗಳನ್ನು ಓದಬಹುದಾಗಿತ್ತು. ಕೆಳಗಿನ ಕವರ್ ತೆಗೆದಾಗ ವಿಷಯ ತಿಳಿಯಿತು. ಬೆಲ್ಟ್ ತುಂಡಾಗಿರಲಿಲ್ಲ, ಕ್ರ್ಯಾಂಕಿನ ಪುಟ್ಟ ಹಲ್ಲುಗಾಲಿಯ ಬಳಿ, ನನ್ನ ಅಂಗೈ ಅಗಲದಷ್ಟು ಉದ್ದಕ್ಕೆ, ಹಲ್ಲುಗಳು ಬುಡಸಮೇತ ಕಿತ್ತುಬಂದಿದ್ದವು. ಕಿತ್ತ ಜಾಗದಲ್ಲಿ ಬೆರಳಾಡಿಸಿದರೆ ಗಾಜಿನ ನಾರು ಬಾಳೆನಾರಿನ ಹಾಗೆ ಎಳೆಎಳೆಯಾಗಿ ಕೈಗೆ ಬರುತ್ತಿತ್ತು. ಕವರಿನ ತಳದಲ್ಲಿ ಕೆಮ್ಮಣ್ಣಿನ ಕೆಸರು ಒಣಗಿ ಹೆಪ್ಪುಗಟ್ಟಿತ್ತು, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಗಾಲಿಯ ಬೇರಿಂಗ್ ತುಕ್ಕು ಹಿಡಿದು ಅರೆಬರೆ ಸಿಕ್ಕಿಕೊಂಡಿತ್ತು. ಎಂಟು ವಾಲ್ವುಗಳೂ ಬಾಗಿದ್ದವು. ಕಾರು ನಿಂತ ಮೇಲೆ ದಾರಿಯಲ್ಲಿ ಹೋಗುವವರು ನೆರವಿಗೆ ಬಂದು ಅದನ್ನು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿಸಲು ನೋಡಿದ್ದರು; ಮೊದಲು ಎರಡು ಮೂರು ವಾಲ್ವುಗಳಿಗೆ ಮುಗಿಯಬಹುದಾಗಿದ್ದ ಹಾನಿ ಆ ತಳ್ಳಾಟದಲ್ಲಿ ಎಲ್ಲದಕ್ಕೂ ಹರಡಿರಬೇಕೆಂಬುದು ನನ್ನ ಅಂದಾಜು.

ಅಂದಿನಿಂದ ನಾನು ಮೇಲಿನ ಕವರ್ ಮಾತ್ರ ತೆಗೆದು ನೋಡಿ ‘ಸರಿಯಿದೆ’ ಎಂದು ಯಾರಿಗೂ ಹೇಳಿಲ್ಲ. ಆ ನೋಟದಿಂದ ‘ಕೆಟ್ಟಿದೆ’ ಎಂದು ಹೇಳಬಹುದು. ಅಂಚು ಹರಿದಿದ್ದರೆ, ಎಣ್ಣೆ ಅಥವಾ ಕೂಲೆಂಟ್ ತಾಗಿ ಒದ್ದೆಯಾಗಿದ್ದರೆ, ಬೆನ್ನು ಗಾಜಿನಂತೆ ಹೊಳೆಯುತ್ತಿದ್ದರೆ, ಹಲ್ಲಿನ ಮೇಲಿನ ಬಟ್ಟೆ ಸವೆದು ರಬ್ಬರ್ ಕಾಣುತ್ತಿದ್ದರೆ, ವಯಸ್ಸು ಎಷ್ಟೇ ಇರಲಿ, ಆ ದಿನವೇ ಬದಲಿಸಬೇಕು. ಇವು ಯಾವುವೂ ಇಲ್ಲದಿದ್ದರೆ ಬೆಲ್ಟ್ ಚೆನ್ನಾಗಿದೆ ಎಂದು ಅರ್ಥವಲ್ಲ. ಏನೂ ತಿಳಿಯಲಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ಯಾವುದನ್ನು ನೋಡಿ ತೀರ್ಮಾನಿಸಬೇಕು? ಕಾರು ತಯಾರಿಸುವವರು ಎರಡು ಮಿತಿಗಳನ್ನು ಕೊಡುತ್ತಾರೆ: ಇಷ್ಟು ಕಿ.ಮೀ. ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ಎಂಜಿನ್ನಿಗೆ ತಕ್ಕಂತೆ ಮೊದಲನೆಯದು 60,000ದಿಂದ ಒಂದೂವರೆ ಲಕ್ಷ ಕಿ.ಮೀ.ವರೆಗೂ, ಎರಡನೆಯದು ಸಾಮಾನ್ಯವಾಗಿ ನಾಲ್ಕೈದು ವರ್ಷದಿಂದ ಹತ್ತು ವರ್ಷದವರೆಗೂ ಬದಲಾಗುತ್ತದೆ. ನಿಮ್ಮ ಗಾಡಿಗೆ ನಿಗದಿಯಾದ ಅಂಕಿಯನ್ನು ಚಾಸಿಸ್ ನಂಬರ್ ಹೇಳಿ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಿ. ಪುಸ್ತಕ ಕಳೆದವರಿಗೆ ಅದೇ ಸರಿಯಾದ ದಾರಿ. ನಮ್ಮ ಜನ ಮೊದಲ ಮಿತಿಯನ್ನು ನೆನಪಿಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಬೆಂಗಳೂರಿನ ಟ್ಯಾಕ್ಸಿಗೆ ಕಿ.ಮೀ. ಮೊದಲು ತುಂಬುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಯ ಗಾಡಿಗೆ ವರ್ಷ ಮೊದಲು ತುಂಬುತ್ತದೆ. ನಿಮ್ಮ ಗಾಡಿಗೆ ಹತ್ತು ವರ್ಷ ತುಂಬಿರುವುದರಿಂದ, ಮೀಟರಿನಲ್ಲಿ 71,000 ಇದೆಯೋ 41,000 ಇದೆಯೋ ಎಂಬುದು ಈಗ ಮುಖ್ಯವಲ್ಲ.

ಅಲ್ಲದೆ ಮೀಟರಿನ ಕಿ.ಮೀ. ಎಲ್ಲ ಕಡೆ ಒಂದೇ ತೂಕದ್ದೂ ಅಲ್ಲ. ಬೆಲ್ಟಿಗೆ ರಸ್ತೆ ತಿಳಿಯದು, ಅದಕ್ಕೆ ತಿಳಿಯುವುದು ಎಂಜಿನ್ನಿನ ಸುತ್ತು. ಅಂಕೋಲಾದಿಂದ ಕಾರವಾರದ ಕಡೆಗೆ ಹೆದ್ದಾರಿಯ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ, ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿರುವಾಗ ಹೋದರೆ, ಒಂದು ಕಿ.ಮೀ.ಗೆ 1,800 ಸುತ್ತು ಆಗುತ್ತದೆ. ಅದೇ ಗಾಡಿ ದೇವಿಮನೆಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ, 2,500 ಸುತ್ತಿನಲ್ಲಿ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಏರಿದರೆ ಒಂದು ಕಿ.ಮೀ.ಗೆ ಎರಡು ನಿಮಿಷ, ಅಂದರೆ 5,000 ಸುತ್ತು. ಮೀಟರ್ ಒಂದು ಎಣಿಸುವಲ್ಲಿ ಬೆಲ್ಟ್ ಮೂರರ ಹತ್ತಿರ ದುಡಿದಿರುತ್ತದೆ. ಮಳೆಯಲ್ಲಿ ಮರ ಬಿದ್ದು ಅಥವಾ ಧರೆ ಕುಸಿದು ರಸ್ತೆ ಬಂದ್ ಆದಾಗ ಎಸಿ ಹಾಕಿಕೊಂಡು ಒಂದು ಗಂಟೆ ಎಂಜಿನ್ ಚಾಲೂ ಇಟ್ಟು ಕೂತರೆ ನಿಮಿಷಕ್ಕೆ 800ರಂತೆ 48,000 ಸುತ್ತು. ಮೀಟರಿನಲ್ಲಿ ಸೊನ್ನೆ, ಬೆಲ್ಟಿಗೆ ಮಾತ್ರ ಸುಮಾರು ಇಪ್ಪತ್ತೇಳು ಕಿ.ಮೀ. ಹೆದ್ದಾರಿ ಓಟ. ಘಟ್ಟದ ಓಡಾಟ ಹೆಚ್ಚಿರುವ ಗಾಡಿಗಳಿಗೆ ಪುಸ್ತಕದ ಕಿ.ಮೀ. ಮಿತಿಯ ಮುಕ್ಕಾಲು ಭಾಗಕ್ಕೇ ಬೆಲ್ಟ್ ಬದಲಿಸಲು ನಾನು ಹೇಳುವುದು ಈ ಲೆಕ್ಕದ ಮೇಲೆ. ಇದು ನನ್ನ ನಿಯಮ, ಕಂಪನಿಯದಲ್ಲ.

ನಿಂತ ಗಾಡಿಯ ಬೆಲ್ಟಿಗೆ ಸವೆತವಿಲ್ಲ ಎಂಬ ನಂಬಿಕೆಯೂ ನಮ್ಮ ಜಿಲ್ಲೆಯಲ್ಲಿ ಸರಿಹೊಂದುವುದಿಲ್ಲ. ವಾರಗಟ್ಟಲೆ ಕದಲದೆ ನಿಂತಾಗ ಬೆಲ್ಟ್ ಪುಟ್ಟ ಗಾಲಿಯ ಮೇಲೆ ಒಂದೇ ಕಡೆ ಬಾಗಿ ಕೂತಿರುತ್ತದೆ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ತೇವ ಕವರಿನೊಳಗೂ ಇರುತ್ತದೆ, ಬೇರಿಂಗುಗಳ ಗ್ರೀಸ್ ಕೆಡುತ್ತದೆ. ಕರಾವಳಿಯಲ್ಲಾದರೆ ಇದರ ಜೊತೆಗೆ ಉಪ್ಪುಗಾಳಿ: ಕಾರವಾರದ ಬೈತಖೋಲ, ಬೇಲೆಕೇರಿ, ತದಡಿಯಂತಹ ಕಡೆ ಬಂದರಿನ ಪಕ್ಕದಲ್ಲೇ ನಿಲ್ಲುವ ಗಾಡಿಗಳಲ್ಲಿ ಟೆನ್ಷನರಿನ ಸ್ಪ್ರಿಂಗೂ ಬೋಲ್ಟುಗಳೂ ಬೆಲ್ಟಿಗಿಂತ ಮೊದಲೇ ಹೋಗಿರುತ್ತವೆ. ಮತ್ತೆ, ನೀವು ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುತ್ತೇನೆ ಎಂದು ಬರೆದಿದ್ದೀರಿ. ಸಿದ್ದಾಪುರ ಕಡೆಯ ಒಂದು ಗಾಡಿಯ ಕೆಳಗಿನ ಕವರಿನಿಂದ ನಾನು ಒಂದು ಬೊಗಸೆ ಅಡಿಕೆ ಸಿಪ್ಪೆಯನ್ನೂ ಹರಕು ಗೋಣಿಯ ನಾರನ್ನೂ ಹೊರತೆಗೆದಿದ್ದೇನೆ. ಇಲಿ ಅಲ್ಲಿ ಗೂಡು ಮಾಡಿತ್ತು, ಬೆಲ್ಟಿನ ಅಂಚನ್ನು ಸ್ವಲ್ಪ ಕಡಿದೂ ಇತ್ತು. ಆ ಸಿಪ್ಪೆಯ ಒಂದು ಚೂರು ಬೆಲ್ಟಿಗೂ ಹಲ್ಲುಗಾಲಿಗೂ ನಡುವೆ ಸಿಕ್ಕಿದರೆ ಬೆಲ್ಟ್ ಹಲ್ಲು ಜಿಗಿಯಲು ಅಷ್ಟೇ ಸಾಕು. ಬಾನೆಟ್ ಕೆಳಗೆ ಇಲಿಯ ಹಿಕ್ಕೆ ಅಥವಾ ಸಿಪ್ಪೆಯ ಚೂರು ಕಂಡರೆ ಮೆಕ್ಯಾನಿಕ್ಕರಿಗೆ ಅದನ್ನು ಮರೆಯದೆ ಹೇಳಿ.

ಬೆಲ್ಟ್ ಮಾತ್ರ ಹಾಕಿಸಿದರೆ ಸಾಲದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಸಾಲದು. ಟೆನ್ಷನರ್, ವಾಟರ್ ಪಂಪ್, ಐಡ್ಲರ್ ಇದ್ದರೆ ಅದೂ, ಇವೆಲ್ಲ ಅದೇ ಬೆಲ್ಟಿನ ಹಾದಿಯಲ್ಲಿ ಕೂತು, ಅಷ್ಟೇ ವರ್ಷ, ಅಷ್ಟೇ ಸುತ್ತು ತಿರುಗಿದ ಭಾಗಗಳು. ಇವುಗಳಲ್ಲಿ ಯಾವುದೊಂದರ ಬೇರಿಂಗ್ ಸಿಕ್ಕಿಕೊಂಡರೂ ಹೊಸ ಬೆಲ್ಟ್ ಕೆಲವು ನಿಮಿಷಗಳಲ್ಲಿ ಸುಟ್ಟು ಹರಿಯುತ್ತದೆ. ಕಳಚಿದ ಹಳೆಯ ಐಡ್ಲರನ್ನು ಗಿರಾಕಿಯ ಕೈಗೆ ಕೊಟ್ಟು, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಲು ನಾನು ಹೇಳುತ್ತೇನೆ. ಚೆನ್ನಾಗಿರುವುದು ಗ್ರೀಸಿನ ತಡೆಯಿಂದ ನಿಧಾನವಾಗಿ, ಸದ್ದಿಲ್ಲದೆ ತಿರುಗುತ್ತದೆ. ಗ್ರೀಸ್ ಒಣಗಿದ್ದು ಬುಗುರಿಯಂತೆ ಸಲೀಸಾಗಿ ತಿರುಗುತ್ತ ಮರಳು ಅರೆದಂತೆ ಕರಕರ ಎನ್ನುತ್ತದೆ. ಸಲೀಸಾಗಿ ತಿರುಗುವುದೇ ಒಳ್ಳೆಯದು ಎಂದುಕೊಳ್ಳುವವರು ಈ ಸದ್ದನ್ನು ಕೇಳಿದ ಮೇಲೆ ಬೇರೆ ಮಾತು ಆಡುವುದಿಲ್ಲ.

ವಾಟರ್ ಪಂಪಿನ ವಿಷಯದಲ್ಲಿ ನಮ್ಮ ಊರಿನ ಒಂದು ಅಭ್ಯಾಸವನ್ನು ಹೇಳಲೇಬೇಕು. ಕೂಲೆಂಟ್ ಕಡಿಮೆಯಾದಾಗ ಬಾವಿ ನೀರು ಹಾಕುವುದು ಇಲ್ಲಿ ಸಾಮಾನ್ಯ. ಅಘನಾಶಿನಿ, ಗಂಗಾವಳಿ ಅಳಿವೆಗಳ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಉಪ್ಪಾಗುತ್ತದೆ. ಆ ನೀರು ರೇಡಿಯೇಟರಿಗೆ ಹೋದರೆ ಪಂಪಿನ ಒಳಭಾಗವನ್ನು ಕೊರೆಯುತ್ತದೆ, ಸೀಲನ್ನು ಕೆಡಿಸುತ್ತದೆ. ಸೀಲ್ ಸೋರಿದರೆ ಪಂಪಿನ ಮೈಯಲ್ಲಿರುವ ಸಣ್ಣ ರಂಧ್ರದ ಕೆಳಗೆ ಬಿಳಿ ಅಥವಾ ಗುಲಾಬಿ ಬಣ್ಣದ ಕರೆ ಕಟ್ಟುತ್ತದೆ, ಹನಿ ನೇರವಾಗಿ ಬೆಲ್ಟಿನ ಮೇಲೆ ಬೀಳುತ್ತದೆ. ಘಟ್ಟದ ಮೇಲಿನ ನಿಮ್ಮ ಬಾವಿ ನೀರು ಸಿಹಿಯೇ ಇರಬಹುದು. ಆದರೂ ಅದರಲ್ಲಿ ತುಕ್ಕು ತಡೆಯುವ ಅಂಶ ಇಲ್ಲ. ಪಂಪ್ ಬದಲಿಸುವಾಗ ಹಳೆಯ ನೀರನ್ನು ಪೂರ್ತಿ ಬಸಿದು, ಕಂಪನಿ ಹೇಳಿದ ಕೂಲೆಂಟನ್ನೇ ಡಿಸ್ಟಿಲ್ಡ್ ನೀರಿನೊಂದಿಗೆ ತುಂಬಿಸಿ. ಆರು ತಿಂಗಳ ಮೇಲೆ ಪಂಪ್ ಸೋರಿದರೆ ಇದೇ ಕೂಲಿಯನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಹಾಗಾಗಿ ಪಂಪನ್ನು ಸೇರಿಸಿ ಹೇಳಿದ ಮೊದಲ ಮೆಕ್ಯಾನಿಕ್ ನಿಮ್ಮಿಂದ ದುಡ್ಡು ಕೀಳಲು ನೋಡುತ್ತಿಲ್ಲ, ಸರಿಯಾದ ಕೆಲಸವನ್ನೇ ಹೇಳುತ್ತಿದ್ದಾರೆ.

ಹೊರಗಿನ ಫ್ಯಾನ್ ಬೆಲ್ಟನ್ನೂ ಇದೇ ಸಂದರ್ಭದಲ್ಲಿ ಹೊಸದು ಹಾಕಿಸಿ. 2019ರದು ಅದೂ ಹಳೆಯದಾಗಿದೆ. ಅದು ಹರಿದು ಎಳೆಎಳೆಯಾದರೆ, ಆ ಎಳೆಗಳು ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸಂದಿನಿಂದ ಕವರಿನೊಳಗೆ ಸುತ್ತಿಕೊಂಡು ಹೋಗಿ ಟೈಮಿಂಗ್ ಬೆಲ್ಟನ್ನು ಹಲ್ಲು ತಪ್ಪಿಸಬಲ್ಲವು. ಕ್ರ್ಯಾಂಕ್ ಮತ್ತು ಕ್ಯಾಮಿನ ಆಯಿಲ್ ಸೀಲುಗಳಲ್ಲಿ ಒದ್ದೆ ಕಂಡರೆ ಅವನ್ನೂ ಬದಲಿಸಬೇಕು.

ಕೆಲಸವನ್ನು ಯಾರಿಂದ ಮಾಡಿಸಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ತಪ್ಪಾಗಿ ಹಾಕಿದ ಹೊಸ ಬೆಲ್ಟ್ ಹಳೆಯ ಬೆಲ್ಟಿಗಿಂತ ಅಪಾಯಕಾರಿ. ನಿಮ್ಮ ಎಂಜಿನ್ನಿಗೆ ಬೆಲ್ಟ್ ಹಾಕುವಾಗ ಕ್ರ್ಯಾಂಕ್ ಮತ್ತು ಕ್ಯಾಮ್ ಕದಲದಂತೆ ಹಿಡಿಯುವ ಲಾಕಿಂಗ್ ಪಿನ್‌ಗಳು ಬೇಕು. ‘ಪಿನ್ ಇದೆಯೇ?’ ಎಂದು ಮೊದಲೇ ಕೇಳಿ. ಬೆಲ್ಟಿನ ಮೇಲೆ ವೈಟ್ನರಿನಿಂದ ಗುರುತು ಹಾಕಿ ಕೂರಿಸುತ್ತೇನೆ ಎಂಬ ಉತ್ತರ ಬಂದರೆ ಬೇರೆ ಗ್ಯಾರೇಜ್ ನೋಡಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಲೆಕ್ಕದ ಬಿಗಿತಕ್ಕೇ ತರಬೇಕು, ಒಮ್ಮೆ ಬಿಚ್ಚಿದ ಮೇಲೆ ಮರುಬಳಕೆ ಬೇಡವೆಂದು ಕಂಪನಿ ಹೇಳಿದ ಬೋಲ್ಟನ್ನು ಹೊಸದೇ ಹಾಕಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಬೆಲ್ಟ್ ಏರಿಸುವುದು, ಅದನ್ನು ಮಡಚುವುದು, ಒಳಗು ಹೊರಗು ತಿರುವಿ ಹಲ್ಲು ನೋಡುವುದು, ಇವೆಲ್ಲ ಒಳಗಿನ ಗಾಜಿನ ಎಳೆಯನ್ನು ಹಾಕುವ ಮೊದಲೇ ಮುರಿಯುತ್ತವೆ. ಹಾಕಿದ ಮೇಲೆ ಸ್ಟಾರ್ಟರ್ ಮುಟ್ಟದೆ, ಕ್ರ್ಯಾಂಕನ್ನು ಪಾನಾ ಹಿಡಿದು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ತಮ್ಮ ತೂತಿನಲ್ಲಿ ಸರಾಗವಾಗಿ ಕೂರುತ್ತವೆಯೇ ಎಂದು ನೋಡಬೇಕು. ಸಾಧ್ಯವಾದರೆ ಆ ಹೊತ್ತಿನಲ್ಲಿ ನೀವು ಅಲ್ಲಿರಿ. ಕಿಟ್ ಕಂಪನಿಯದ್ದಾಗಿರಲಿ, ಇಲ್ಲವೇ ಗೇಟ್ಸ್, ಕಾಂಟಿನೆಂಟಲ್, ಡೇಕೊದಂತಹ ಬೆಲ್ಟ್ ತಯಾರಿಸುವವರದ್ದಾಗಿರಲಿ. ಸೀಲ್ ಒಡೆಯದ ಪೆಟ್ಟಿಗೆ, ಪೆಟ್ಟಿಗೆಯ ಮೇಲಿನ ನಂಬರಿಗೂ ಬೆಲ್ಟಿನ ಮೇಲಿನ ನಂಬರಿಗೂ ಹೊಂದಾಣಿಕೆ, ಜಿಎಸ್‌ಟಿ ಬಿಲ್, ಇಷ್ಟನ್ನು ನೋಡದೆ ತೆಗೆದುಕೊಳ್ಳಬೇಡಿ.

ಅಡಿಕೆ ದುಡ್ಡು ಬರುವವರೆಗೆ ಕಾಯಬಹುದೇ ಎಂಬುದು ನಿಮಗೆ ನಿಜವಾಗಿ ಕಷ್ಟದ ಪ್ರಶ್ನೆ ಎಂದು ಬಲ್ಲೆ. ಕೊಯ್ಲಿನ ಕೂಲಿ, ಸುಲಿಯುವ ಖರ್ಚು ಎಲ್ಲ ಮೊದಲು, ಆದಾಯ ಆಮೇಲೆ. ಕಾಯಲೇಬೇಕಾದರೆ ಗಾಡಿಯನ್ನು ಮನೆಯಲ್ಲೇ ನಿಲ್ಲಿಸಿ, ಕುಮಟಾಕ್ಕೆ ಬಸ್ಸಿನಲ್ಲಿ ಹೋಗಿ. ಇದು ಎಂಜಿನ್ನಿನ ಖರ್ಚಿನ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಬಿಗಿಯಾಗಿ ಹೇಳುತ್ತಿರಲಿಲ್ಲ. ಡೀಸೆಲ್ ಕಾರಿನ ಬ್ರೇಕಿಗೆ ಬಲ ತುಂಬುವ ವ್ಯಾಕ್ಯೂಮ್ ಪಂಪ್ ನಿಮ್ಮಂತಹ ಎಂಜಿನ್ನುಗಳಲ್ಲಿ ಕ್ಯಾಮ್ ಶಾಫ್ಟಿನ ತುದಿಯಿಂದಲೇ ತಿರುಗುತ್ತದೆ. ಘಟ್ಟ ಇಳಿಯುವಾಗ ಬೆಲ್ಟ್ ಹೋದರೆ ಕ್ಯಾಮ್ ನಿಲ್ಲುತ್ತದೆ, ವ್ಯಾಕ್ಯೂಮ್ ನಿಲ್ಲುತ್ತದೆ, ಸ್ಟೇರಿಂಗ್ ಭಾರವಾಗಬಹುದು, ಬ್ರೇಕಿನ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮಿನಿಂದ ಎರಡು ಮೂರು ಸಲ ಮಾತ್ರ ಬ್ರೇಕ್ ಎಂದಿನಂತೆ ಹಿಡಿಯುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆ ತಿರುವುಗಳಲ್ಲಿ ಇಳಿಯುವಾಗ ಈ ಅಪಾಯವನ್ನು ಎದುರಿಸುವ ಅಗತ್ಯ ಯಾರಿಗೂ ಇಲ್ಲ.

ಅಕಸ್ಮಾತ್ ಯಾರಿಗಾದರೂ ಹಾಗಾದರೆ, ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಸಮನೆ ಬಲವಾಗಿ ಒತ್ತಿ ಹಿಡಿಯಬೇಕು, ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆಯಬೇಕು, ಧರೆಯ ಬದಿಗೆ ಗಾಡಿಯನ್ನು ಒತ್ತರಿಸಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು. ಆಮೇಲೆ ಏನಾಯಿತೆಂದು ನೋಡಲು ಒಮ್ಮೆ ಚಾವಿ ತಿರುಗಿಸಿದಾಗ, ಎಂಜಿನ್ ಎಂದಿಗಿಂತ ಹಗುರವಾಗಿ, ತಡೆಯಿಲ್ಲದೆ ಗಿರ್ರೆಂದು ತಿರುಗಿ ಹೊತ್ತಿಕೊಳ್ಳದಿದ್ದರೆ, ಬೆಲ್ಟ್ ಹೋಗಿದೆಯೆಂದು ತಿಳಿದು ಚಾವಿ ತೆಗೆದುಬಿಡಬೇಕು. ಎರಡನೇ ಸಲ ತಿರುಗಿಸಬಾರದು, ತಳ್ಳಿಸಬಾರದು, ಗೇರಿನಲ್ಲಿಟ್ಟು ಎಳೆಸಬಾರದು.

ಬೇರೆ ಗಾಡಿಯ ಓದುಗರಿಗಾಗಿ ಎರಡು ಮಾತು. ಎಲ್ಲ ಕಾರಿಗೂ ಈ ಬೆಲ್ಟ್ ಇರುವುದಿಲ್ಲ. ಸ್ವಿಫ್ಟ್, ಡಿಸೈರ್‌ಗಳ 1.3 ಲೀಟರ್ ಡೀಸೆಲ್ ಮತ್ತು ಮಾರುತಿಯ ಕೆ ಸೀರೀಸ್ ಪೆಟ್ರೋಲ್ ಎಂಜಿನ್ನುಗಳಲ್ಲಿ ಇರುವುದು ಚೈನ್. ಹಳೆಯ ಮಾರುತಿ 800, ಓಮ್ನಿ, ಹಳೆಯ ಸ್ಯಾಂಟ್ರೊ, 1.4 ಡೀಸೆಲ್ ಇಂಡಿಕಾ, ಪೋಲೊ ಮತ್ತು ವೆಂಟೊ ಡೀಸೆಲ್, ಇಕೋಸ್ಪೋರ್ಟ್ ಡೀಸೆಲ್, 2.5 ಲೀಟರಿನ ಹಳೆಯ ಇನ್ನೋವಾ ಇವೆಲ್ಲ ಬೆಲ್ಟಿನವು. ಇನ್ನೋವಾದಲ್ಲಿ ಹೊತ್ತಿಕೊಳ್ಳುವ ಟಿ-ಬೆಲ್ಟ್ ದೀಪವನ್ನು ಬೆಲ್ಟ್ ಪರೀಕ್ಷಿಸಿ ಹೊತ್ತುವ ದೀಪವೆಂದು ಹಲವರು ತಿಳಿದಿದ್ದಾರೆ. ಅದು ಕಿ.ಮೀ. ಮಾತ್ರ ಎಣಿಸುತ್ತದೆ, ವರ್ಷವನ್ನು ಎಣಿಸುವುದಿಲ್ಲ, ಬೆಲ್ಟ್ ಬದಲಿಸದೆಯೂ ಅದನ್ನು ಆರಿಸಿಬಿಡಬಹುದು. ಬಾಡಿಗೆಗೆ ಓಡಿದ ಹಳೆಯ ಇನ್ನೋವಾ ಕೊಳ್ಳುವವರು ದೀಪ ಆರಿರುವುದನ್ನು ನೋಡಿ ಸಮಾಧಾನಪಡಬಾರದು.

ನಿಮ್ಮ ಗಾಡಿಗೆ ಹೊಸ ಬೆಲ್ಟ್ ಹಾಕಿಸಿದ ದಿನ, ದಿನಾಂಕ, ಮೀಟರ್ ರೀಡಿಂಗ್, ಕಿಟ್ ನಂಬರ್ ಮೂರನ್ನೂ ಒಂದು ಸ್ಟಿಕ್ಕರಿನ ಮೇಲೆ ಬರೆಸಿ ಬಾನೆಟ್ಟಿನ ಒಳಮೈಗೆ ಅಂಟಿಸಿ. ಬಿಲ್ಲಿನಲ್ಲಿ ‘ಬೆಲ್ಟ್’ ಎಂದು ಬಿಡದೆ ‘ಟೈಮಿಂಗ್ ಬೆಲ್ಟ್ ಕಿಟ್’ ಎಂದೇ ಬರೆಸಿ. ಗಾಡಿ ಕಡಿಮೆ ಓಡುವುದರಿಂದ ಮುಂದಿನ ಬದಲಾವಣೆಯನ್ನು ಕಿ.ಮೀ.ಗೆ ಕಾಯದೆ ಐದು ವರ್ಷಕ್ಕೆ ಇಟ್ಟುಕೊಳ್ಳಿ, ಸಾಧ್ಯವಾದರೆ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ. ಹಾಕಿಸಿದ ಮೊದಲ ವಾರ ಕಿಟಕಿ ಇಳಿಸಿ ಓಡಿಸುತ್ತ ಕಿವಿಗೊಡಿ: ಎಂಜಿನ್ನಿನ ಬಲಬದಿಯಿಂದ ವೇಗದೊಂದಿಗೆ ಏರುವ ಸಿಳ್ಳೆಯಂತಹ ಸದ್ದು ಬಂದರೆ ಬೆಲ್ಟ್ ಬಿಗಿ ಹೆಚ್ಚಾಗಿರಬಹುದು, ತಣ್ಣಗಿರುವಾಗ ಪಟಪಟ ಎಂದು ಕವರಿಗೆ ಬಡಿಯುವ ಸದ್ದು ಬಂದರೆ ಸಡಿಲವಿರಬಹುದು. ಎರಡರಲ್ಲಿ ಯಾವುದು ಕೇಳಿದರೂ ಘಟ್ಟ ಇಳಿಯದೆ, ಹಾಕಿದವರಲ್ಲಿಗೇ ಮರಳಿ ಒಯ್ದು ಟೆನ್ಷನರನ್ನು ಮತ್ತೊಮ್ಮೆ ನೋಡಿಸಿ.